ಪೊರಕೆ ಭಾನುವಾರದ ಊರು

ಚೌಕದ ನಡುವೆ ನಿಂತಿದ್ದಾಗ ಕಿಸೆಯೊಳಗಿನ ಮೊಬೈಲು ಗುಂಯ್ ಎಂದಿತು. ಸ್ಲೊವೇನಿಯಾಕ್ಕೆ ಸ್ವಾಗತ. ತುಸು ಹೊತ್ತು ಬಿಟ್ಟು ಮತ್ತೆ ಗುಂಯ್: ಇಟಲಿಗೆ ಸ್ವಾಗತ. ನಾನು ಮಾಡಿದ್ದಿಷ್ಟೆ, ಎದುರಿನ ರೈಲ್ವೆ ಸ್ಟೇಷನ್ ಇಡಿಯಾಗಿ ಫೋಟೊದಲ್ಲಿ ಬರಲಿ ಎಂದು ಹತ್ತು ಹೆಜ್ಜೆ ಹಿಂದಕ್ಕೆ ಸರಿದಿದ್ದೆ. ಅಲ್ಲಿ ಬೇಲಿಯಿಲ್ಲ, ಗೇಟಿಲ್ಲ, ಕಾವಲಿನವರಿಲ್ಲ. ಹಿಂದೆ ಗಡಿಕಲ್ಲು ಇದ್ದ ಜಾಗದಲ್ಲಿ ಗುಂಡಗಿನ ಫಲಕವೊಂದನ್ನು ನೆಲಕ್ಕೆ ಕೂರಿಸಿದ್ದಾರೆ. ಅದರ ಮೇಲೆ ಒಂದು ಕಾಲು ಆಚೆಗೆ, ಒಂದು ಕಾಲು ಈಚೆಗೆ ಹಾಕಿ ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನೂ ತೆಗೆದುಕೊಂಡೆ. ಅರುವತ್ತು ದಾಟಿದವನಿಗೆ ಅಷ್ಟೂ ಆಸೆ ಇರಬಾರದೆ?

ಇಟಲಿಯವರಿಗೆ ಇದು ಪಿಯಾತ್ಸಾ ಟ್ರಾನ್ಸಾಲ್ಪಿನಾ, ಸ್ಲೊವೇನಿಯಾದವರಿಗೆ ಯುರೋಪ್ ಚೌಕ. ಪಶ್ಚಿಮಕ್ಕಿರುವ ಹಳೆಯ ಊರು ಗೊರಿತ್ಸಿಯಾ. ಪೂರ್ವಕ್ಕಿರುವುದು ನೋವಾ ಗೊರಿತ್ಸಾ, ಅಂದರೆ ಹೊಸ ಗೊರಿತ್ಸಾ. ನಡುವೆ ಈ ಚೌಕ.

2024ರ ಮೇ ತಿಂಗಳು ಅದು. ಮಗಳು ಇಟಲಿಯ ಟ್ರಿಯೆಸ್ತೆಯ ಭೌತವಿಜ್ಞಾನ ಕೇಂದ್ರಕ್ಕೆ ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. ಪಾಕಿಸ್ತಾನದ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಕೇಂದ್ರ ಅದು, ಬಡದೇಶಗಳ ವಿಜ್ಞಾನಿಗಳು ಬಂದು ನಾಲ್ಕು ದಿನ ನೆಮ್ಮದಿಯಿಂದ ಲೆಕ್ಕ ಮಾಡಲಿ ಎಂದು. ಅವಳು ಲೆಕ್ಕ ಮಾಡುವ ಹೊತ್ತಿನಲ್ಲಿ ನನಗೆ ಸಮುದ್ರ ನೋಡುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಮಂಜೇಶ್ವರದ ಕಡೆಯವನಿಗೆ ಸಮುದ್ರ ಎಷ್ಟು ದಿನ ಹೊಸತಾಗಿರುತ್ತದೆ? "ಅಪ್ಪಾ, ರೈಲಿನಲ್ಲಿ ಒಂದು ಗಂಟೆಯೂ ಇಲ್ಲ, ಗೊರಿತ್ಸಿಯಾಕ್ಕೆ ಹೋಗಿ ಬನ್ನಿ. ನಿಮಗೆ ಗಡಿ ಅಂದರೆ ಇಷ್ಟವಲ್ಲವಾ" ಎಂದಳು. ಹೊರಡುವಾಗ ಮತ್ತೊಮ್ಮೆ ಕರೆದು, "ಪಾಸ್‌ಪೋರ್ಟ್ ಕಿಸೆಯಲ್ಲೇ ಇರಲಿ" ಎಂದಳು. ಗಡಿಯೇ ಇಲ್ಲದ ಕಡೆ ಅದೇಕೆ ಎಂದು ನಾನು ಕೇಳಲಿಲ್ಲ.

ಗಡಿ ಅಂದರೆ ಇಷ್ಟ ಎನ್ನುವುದು ಅವಳ ತಮಾಷೆ. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳು ಆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದು ಕರ್ನಾಟಕಕ್ಕೆ ಸೇರಲಿ ಎಂದು ಜೀವಮಾನವಿಡೀ ಹೋರಾಡಿ, ನೂರು ವರ್ಷ ಬದುಕಿ, ಸೇರಿದ್ದನ್ನು ಕಾಣದೆ 2015ರಲ್ಲಿ ತೀರಿಕೊಂಡರು. ಅಲ್ಲಿಯವರಾದ ನಮಗೆ ಬೋರ್ಡು ಯಾವ ಲಿಪಿಯಲ್ಲಿದೆ ಎಂದು ಮೊದಲು ನೋಡುವ ಚಾಳಿ. ಗೊರಿತ್ಸಿಯಾ ಸ್ಟೇಷನ್ನಿನಲ್ಲಿ ಇಳಿದವನೂ ಅದನ್ನೇ ಮಾಡಿದೆ. ಊರಿಗೆ ನಾಲ್ಕು ಹೆಸರು: ಇಟಲಿಯನ್ನಿನಲ್ಲಿ ಗೊರಿತ್ಸಿಯಾ, ಸ್ಲೊವೀನಿನಲ್ಲಿ ಗೊರಿತ್ಸಾ, ಜರ್ಮನ್ನಿನಲ್ಲಿ ಗೋರ್ಟ್ಸ್, ಇಲ್ಲಿಯದೇ ಫ್ರಿಯೂಲಿ ಭಾಷೆಯಲ್ಲಿ ಗುರಿತ್ಸೆ. ಮೂಲ ಪದ ಸ್ಲಾವಿಕ್ ಭಾಷೆಯದು, ಗುಡ್ಡ ಎಂದರ್ಥ. 1001ನೇ ಇಸವಿಯ ಚಕ್ರವರ್ತಿಯ ದಾನಪತ್ರವೊಂದರಲ್ಲಿ, ಸ್ಲಾವರ ನುಡಿಯಲ್ಲಿ ಗೊರಿತ್ಸಾ ಎನ್ನುವ ಹಳ್ಳಿ ಎಂದು ಬರೆದಿದೆಯಂತೆ. ಊರಿನ ಮೊದಲ ದಾಖಲೆಯೇ ಅದು. ಸಾವಿರ ವರ್ಷದ ಹಿಂದೆಯೇ ಗುಮಾಸ್ತನೊಬ್ಬ, ಇದು ಯಾರ ಭಾಷೆಯ ಹೆಸರು ಎಂದು ಬರೆದಿಟ್ಟಿದ್ದಾನೆ. ಜಗಳಕ್ಕೆ ಅಷ್ಟು ಸಾಕಲ್ಲ.

ಜಗಳ ಮಾತ್ರ ಬಹುಕಾಲ ಆಗಲೇ ಇಲ್ಲ. 1500ರಿಂದ 1918ರವರೆಗೆ, ನಡುವಿನ ಕೆಲವು ವರ್ಷ ಬಿಟ್ಟರೆ, ಊರು ಹ್ಯಾಬ್ಸ್‌ಬರ್ಗ್ ಮನೆತನದ ಕೈಯಲ್ಲಿತ್ತು. ಆಫೀಸಿನಲ್ಲಿ ಜರ್ಮನ್, ಅಂಗಡಿಯಲ್ಲಿ ಇಟಲಿಯನ್, ಸಂತೆಗೆ ತರಕಾರಿ ತಂದವರಲ್ಲಿ ಸ್ಲೊವೀನ್ ಮಾತಾಡಿಕೊಂಡು ಜನ ಹೇಗೋ ಸಂಸಾರ ತೂಗಿಸಿದರು. ಆಮೇಲೆ ಮೊದಲ ಮಹಾಯುದ್ಧ ಬಂತು. ಊರ ಪಕ್ಕದಲ್ಲಿ ಹರಿಯುವ ನದಿಗೂ ಎರಡು ಹೆಸರು, ಇಸೊಂಜೊ ಮತ್ತು ಸೋಚಾ. ಆ ಹಸಿರು ನೀರಿನ ದಂಡೆಯಲ್ಲಿ 1915ರಿಂದ 1917ರವರೆಗೆ ಇಟಲಿಗೂ ಆಸ್ಟ್ರಿಯಾಕ್ಕೂ ಹನ್ನೆರಡು ಕಾಳಗ ನಡೆದವು. ನಾನು ಬಂದ ರೈಲಿನ ದಾರಿಯ ಬದಿಯ ರೆದಿಪುಲಿಯಾದಲ್ಲಿ ಒಂದು ಲಕ್ಷ ಇಟಲಿ ಸೈನಿಕರ ಸಮಾಧಿಯಿದೆ. ಅವರಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ.

ಯುದ್ಧ ಮುಗಿದು ಊರು ಇಟಲಿಯದಾಯಿತು. ಮುಸೊಲಿನಿ ಬಂದ ಮೇಲೆ ಸ್ಲೊವೀನ್ ಶಾಲೆಗಳು ಮುಚ್ಚಿದವು, ಮನೆತನದ ಹೆಸರುಗಳನ್ನು ಇಟಲಿಯನ್ ಮಾಡಿಸಿದರು, ಹಾಡಿನ ಮೇಲೂ ಕಣ್ಣು ಬಿತ್ತು. ಲೋಯ್ಜೆ ಬ್ರಾತುಜ್ ಎಂಬವರು ಚರ್ಚಿನಲ್ಲಿ ಸ್ಲೊವೀನ್ ಹಾಡು ಹೇಳಿಸುತ್ತಿದ್ದ ಮೇಷ್ಟ್ರು. 1936ರ ಡಿಸೆಂಬರ್ 27ರಂದು ಪೂಜೆ ಮುಗಿಸಿ ಹೊರಬಂದವರನ್ನು ಫ್ಯಾಸಿಸ್ಟರು ಹಿಡಿದು ಎಂಜಿನ್ ಎಣ್ಣೆ ಕುಡಿಸಿದರು. ಎರಡು ತಿಂಗಳೊಳಗೆ ಅವರು ನರಳಿ ಸತ್ತರು. ಹಾಡು ಕಲಿಸಿದ ತಪ್ಪಿಗೆ. ಎಂಟು ವರ್ಷದ ಬಳಿಕ, ಎರಡನೇ ಮಹಾಯುದ್ಧದ ಕೊನೆಗೆ, 1945ರ ಮೇ ತಿಂಗಳಲ್ಲಿ, ಯುಗೊಸ್ಲಾವಿಯಾದ ಸೇನೆ ಊರೊಳಗೆ ಬಂದು ನಲವತ್ತು ದಿನ ಇತ್ತು. ಆಗ ನೂರಾರು ಮಂದಿಯನ್ನು ಮನೆಗಳಿಂದ ಎತ್ತಿಕೊಂಡು ಹೋದರು, ಹೆಚ್ಚಿನವರು ವಾಪಸು ಬರಲಿಲ್ಲ. ಊರಿನ ಉದ್ಯಾನದಲ್ಲಿ ಅವರ ಹೆಸರುಗಳ ಕಲ್ಲಿದೆ. ಇಟಲಿಯವರು ಆ ಕಲ್ಲಿನ ಹತ್ತಿರ ಹೋಗುತ್ತಾರೆ, ಸ್ಲೊವೀನರು ಬ್ರಾತುಜ್ ನೆನಪಿಗೆ ಹೂವಿಡುತ್ತಾರೆ. ಎರಡೂ ಕಡೆ ಹೋಗುವವರು ಈಗೀಗ ಸ್ವಲ್ಪ ಇದ್ದಾರೆ.

ಗೆರೆ ಬಿದ್ದದ್ದು ಇದಾದ ಮೇಲೆ. ಗಡಿ ಎಲ್ಲಿ ಹಾಕಬೇಕೆಂದು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ನಾಲ್ವರೂ ನಾಲ್ಕು ಗೆರೆ ಎಳೆದು ತೋರಿಸಿದರು. ಕೊನೆಗೆ ಫ್ರೆಂಚರ ಗೆರೆ ಗೆದ್ದಿತು. 1947ರ ಫೆಬ್ರವರಿ 10ರಂದು ಪ್ಯಾರಿಸ್ಸಿನಲ್ಲಿ ಸಹಿಯಾದ ಒಪ್ಪಂದ ಸೆಪ್ಟೆಂಬರ್ 15ಕ್ಕೆ ಜಾರಿಗೆ ಬಂತು. ನಮ್ಮಲ್ಲಿ ರ‍್ಯಾಡ್‌ಕ್ಲಿಫ್ ಭಾರತ, ಪಾಕಿಸ್ತಾನಗಳ ನಡುವೆ ಎಳೆದ ಗೆರೆ ಹೊರಬಿದ್ದದ್ದು ಅದೇ ವರ್ಷದ ಆಗಸ್ಟ್ 17ಕ್ಕೆ, ಅಂದರೆ ತಿಂಗಳೂ ತುಂಬದ ಅಂತರ. ಅಲ್ಲಿ ಹರಿದಷ್ಟು ರಕ್ತ ಇಲ್ಲಿ ಹರಿಯಲಿಲ್ಲ, ಹೋಲಿಕೆಯನ್ನು ಅಷ್ಟು ದೂರ ಎಳೆಯುವುದು ತಪ್ಪು. ಆದರೆ ಗೆರೆ ಎಳೆಯುವ ಅವಸರ ಎರಡೂ ಕಡೆ ಒಂದೇ. ಸೈನಿಕರು ಗೂಟ ಹೊಡೆದು, ನೆಲಕ್ಕೆ ಸುಣ್ಣ ಬಳಿಯುತ್ತಾ ಬಂದರು. ಗೆರೆ ಅಂಗಳಗಳಲ್ಲಿ ಹಾದುಹೋಯಿತು, ದ್ರಾಕ್ಷಿ ತೋಟಗಳನ್ನು ಸೀಳಿತು. ಹತ್ತಿರದ ಮಿರೆನ್ ಹಳ್ಳಿಯ ಸ್ಮಶಾನದಲ್ಲಂತೂ ಗೋರಿಗಳ ಮೇಲೆಯೇ ಹೋಯಿತು. ಸತ್ತವರ ತಲೆ ಒಂದು ದೇಶದಲ್ಲಿ, ಕಾಲು ಇನ್ನೊಂದರಲ್ಲಿ. 1975ರಲ್ಲಿ ಎರಡು ದೇಶಗಳು ಕೂತು ಹೊಸ ಒಪ್ಪಂದ ಮಾಡಿಕೊಂಡ ಮೇಲಷ್ಟೆ ಆ ಹೆಣಗಳು ಪೂರ್ತಿಯಾಗಿ ಒಂದೇ ದೇಶಕ್ಕೆ ಸೇರಿದ್ದು.

ಹಂಚಿಕೆಯಲ್ಲಿ ಪೇಟೆ ಇಟಲಿಗೆ ಬಂತು, ಚೌಕದ ಸ್ಟೇಷನ್ನು ಯುಗೊಸ್ಲಾವಿಯಾಕ್ಕೆ ಹೋಯಿತು. ಸುತ್ತಲ ಹಳ್ಳಿಗಳೂ ಆ ಕಡೆಗೆ. ಹಳ್ಳಿಯವರಿಗೆ ಆಸ್ಪತ್ರೆಯಿಲ್ಲ, ಶಾಲೆಯಿಲ್ಲ, ಮಾರುಕಟ್ಟೆಯಿಲ್ಲ, ಪೇಟೆಯವರಿಗೆ ತರಕಾರಿಯಿಲ್ಲ. ಕಳೆದುಕೊಂಡ ಊರಿಗೆ ಬದಲಾಗಿ ಯುಗೊಸ್ಲಾವಿಯಾದವರು ಗಡಿಗೆ ತಾಗಿಕೊಂಡೇ ಬಯಲಿನಲ್ಲಿ ಹೊಸ ಊರು ಕಟ್ಟತೊಡಗಿದರು. ನಕ್ಷೆ ಹಾಕಿದವರು ಎಡ್ವರ್ಡ್ ರಾವ್ನಿಕಾರ್, 1939ರಲ್ಲಿ ಪ್ಯಾರಿಸ್ಸಿನ ಲೆ ಕಾರ್ಬ್ಯುಸಿಯೆ ಕಚೇರಿಯಲ್ಲಿ ಕೆಲಸ ಮಾಡಿದವರು. ಇದನ್ನು ಓದಿದಾಗ ನಾನು ನಡೆಯುವುದನ್ನು ನಿಲ್ಲಿಸಿ ಪ್ಲೇನ್ ಮರದ ನೆರಳಿನಲ್ಲಿ ಕೂತೆ. ಲಾಹೋರ್ ಕಳೆದುಕೊಂಡ ಪಂಜಾಬಿಗೆ ಚಂಡೀಗಢ ಕಟ್ಟಿಕೊಟ್ಟದ್ದು ಗುರು, ಗೊರಿತ್ಸಿಯಾ ಕಳೆದುಕೊಂಡವರಿಗೆ ಈ ಊರು ಕಟ್ಟಿದ್ದು ಶಿಷ್ಯ. ಅಗಲವಾದ ನೇರ ರಸ್ತೆ, ಸಾಲುಮರ, ನಡುವೆ ಧಾರಾಳ ಹುಲ್ಲು. ಸೆಕ್ಟರ್ ನಂಬರು ಒಂದಿಲ್ಲ, ಅಷ್ಟೆ. ಈಗ ಇಲ್ಲಿ ದೊಡ್ಡ ದೊಡ್ಡ ಕ್ಯಾಸಿನೊಗಳಿವೆ, ಇಟಲಿಯವರು ದುಡ್ಡು ಕಳೆಯಲು ಬರುತ್ತಾರೆ. ಸಮಾಜವಾದದ ಮಾದರಿ ಊರಿಗೆ ಹೀಗೊಂದು ಗತಿ ಬರುತ್ತದೆಂದು ಆ ನಕ್ಷೆಯಲ್ಲಿ ಇರಲಿಲ್ಲ.

ಚೌಕದ ಸ್ಟೇಷನ್ನಿನೊಳಗೆ ಪುಟ್ಟ ಮ್ಯೂಸಿಯಂ ಇದೆ. ಈ ಕಟ್ಟಡದ ನೆತ್ತಿಯ ಮೇಲೆ ಒಂದು ಕಾಲದಲ್ಲಿ ಕೆಂಪು ನಕ್ಷತ್ರವಿತ್ತು. ಜೊತೆಗೆ, ನಾವು ಸಮಾಜವಾದ ಕಟ್ಟುತ್ತಿದ್ದೇವೆ ಎಂಬ ಬರಹ, ಇಟಲಿಯ ಕಡೆಗೆ ಮುಖ ಮಾಡಿ. ನಾನು ಹೋದಾಗ ಒಳಗೆ ಬೇರೆ ಯಾರೂ ಇರಲಿಲ್ಲ. ನೋಡಿಕೊಳ್ಳುತ್ತಿದ್ದ ಹೆಂಗಸು ಎಲ್ಲಿಯವರು ಎಂದು ಕೇಳಿದರು. ಇಂಡಿಯಾ ಎಂದೆ. "ಓ, ನಿಮಗೂ 1947" ಎಂದರು. ಅಷ್ಟೇ ಅಂದದ್ದು. ಆಮೇಲೆ ಪೊರಕೆಯ ಕತೆ ಹೇಳಿದರು.

1950ರ ಆಗಸ್ಟ್. ಗೆರೆ ಬಿದ್ದು ಮೂರು ವರ್ಷ. ಅಕ್ಕ ಆಚೆ, ತಂಗಿ ಈಚೆ. ಬೇಲಿಯ ಬಳಿ ನಿಂತು ನೆಂಟರನ್ನು ಕಾಣಬಹುದು ಎಂದು ಒಂದು ಭಾನುವಾರ ಬಿಟ್ಟರು. ಮುಂದಿನ ಭಾನುವಾರ, 13ನೇ ತಾರೀಕು, ಗಡಿ ತೆರೆಯುತ್ತಾರೆಂದು ಗಾಳಿಸುದ್ದಿ ಹಬ್ಬಿ ಯುಗೊಸ್ಲಾವಿಯಾ ಕಡೆಯಿಂದ ಸಾವಿರಾರು ಜನ ಸೇರಿದರು. ಬಿಸಿಲು ಏರಿತು, ನೂಕುನುಗ್ಗಲಾಯಿತು, ಕಾವಲಿನವರ ಕೈಮೀರಿತು. ಜನ ನುಗ್ಗಿಯೇ ಬಿಟ್ಟರು. ಯಾರೂ ಗುಂಡು ಹಾರಿಸಲಿಲ್ಲ.

ನುಗ್ಗಿದವರು ಓಡಿ ತಪ್ಪಿಸಿಕೊಂಡರೆ? ಇಲ್ಲ. ಭಾನುವಾರವಾದರೂ ಅಂಗಡಿಯವರು ಬಾಗಿಲು ತೆರೆದರು, ಇವರು ಸಾಮಾನು ಕೊಂಡರು. ಎಲ್ಲಕ್ಕಿಂತ ಹೆಚ್ಚು ಕೊಂಡದ್ದು ಪೊರಕೆ. ಆಚೆ ಕಡೆ ಪೊರಕೆಗೆ ಬರಗಾಲ. ಜೋಳದ ಜಾತಿಯ ಗಿಡದ ಒಣ ತೆನೆ ಕಟ್ಟಿ ಮಾಡಿದ ಪೊರಕೆಗಳವು. ಸಂಜೆಯ ಹೊತ್ತಿಗೆ ಜನ ಅವನ್ನು ಹೆಗಲಿಗೇರಿಸಿಕೊಂಡು, ನೆಂಟರನ್ನು ಮಾತಾಡಿಸಿಕೊಂಡು, ಬಂದ ದಾರಿಯಲ್ಲೇ ಮನೆಗೆ ಹೋದರು. ಆ ದಿನಕ್ಕೆ ಇಂದಿಗೂ ಪೊರಕೆ ಭಾನುವಾರ ಎಂದೇ ಹೆಸರು.

ಇದನ್ನು ಕೇಳಿದಾಗ ನನಗೆ ಅಮ್ಮನ ಹಿಡಿಸೂಡಿ ನೆನಪಾಯಿತು. ತೆಂಗಿನ ಗರಿಯ ಕಡ್ಡಿ ಸವರಿ ಅವಳೇ ಕಟ್ಟುತ್ತಿದ್ದಳು. ನಮ್ಮ ಕಡೆ ತೆಂಗು ಇರುವವರೆಗೆ ಹಿಡಿಸೂಡಿಗೆ ಯಾವ ಗಡಿಯನ್ನೂ ದಾಟಬೇಕಾಗಿಲ್ಲ. ಇಲ್ಲಿಯವರು ಸ್ವಾತಂತ್ರ್ಯ ಎಂದು ಕೂಗಲಿಲ್ಲ, ಬಾವುಟ ಸುಡಲಿಲ್ಲ. ಮನೆ ಗುಡಿಸಬೇಕಿತ್ತು, ಬಂದರು, ಹೋದರು. ಯುರೋಪಿನ ಚರಿತ್ರೆ ಎಂದು ನಾನು ಓದಿದ ಪುಸ್ತಕಗಳಲ್ಲಿ ಇಂಥ ದಂಗೆ ಇನ್ನೊಂದಿಲ್ಲ.

ಆಮೇಲೆ ಸರಕಾರಗಳಿಗೂ ಬುದ್ಧಿ ಬಂತು. 1955ರಲ್ಲಿ ಉಡಿನೆ ಒಪ್ಪಂದವಾಗಿ ಗಡಿಯ ಹಳ್ಳಿಗಳವರಿಗೆ ಪಾಸು ಸಿಕ್ಕಿತು. ಇಟಲಿಯಿಂದ ಕಾಫಿ ಬೀಜ, ಜೀನ್ಸ್ ಪ್ಯಾಂಟು, ಬಟ್ಟೆ ಸೋಪಿನ ಪುಡಿ. ಆಚೆಯಿಂದ ಮಾಂಸ, ಬ್ರಾಂದಿ. ಪಾಸಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚಿದ್ದದ್ದು ಲಂಗದೊಳಗೆ, ಸೈಕಲ್ ಟ್ಯೂಬಿನೊಳಗೆ. ಆ ಕಳ್ಳಸಾಗಣೆಗೇ ಪ್ರಿಸ್ತಾವಾ ಎಂಬಲ್ಲಿ ಹಳೆಯ ಚೆಕ್‌ಪೋಸ್ಟಿನಲ್ಲಿ ಒಂದು ಮ್ಯೂಸಿಯಂ ಮಾಡಿದ್ದಾರೆ. ಕೇರಳ-ಕರ್ನಾಟಕ ಗಡಿಯ ನಮ್ಮ ತಲಪಾಡಿಯಲ್ಲೂ ಒಂದು ಮಾಡಬಹುದು ಮಾರಾಯ್ರೆ, ಸಾಮಾನಿಗೇನೂ ಕೊರತೆಯಾಗದು.

ಮುಂದೆ ಯುಗೊಸ್ಲಾವಿಯಾ ಒಡೆದು ಆಚೆ ಕಡೆ ಸ್ಲೊವೇನಿಯಾ ಆಯಿತು. 2004ರ ಏಪ್ರಿಲ್ 30ರ ರಾತ್ರಿ, ಮರುದಿನ ಸ್ಲೊವೇನಿಯಾ ಯುರೋಪಿಯನ್ ಒಕ್ಕೂಟಕ್ಕೆ ಸೇರುವುದೆಂದು ಈ ಚೌಕದಲ್ಲಿ ಹಬ್ಬ ನಡೆಯಿತು. ಚೌಕದ ಬೇಲಿ ಆಗಲೇ ಹೋಗಿತ್ತು. 2007ರ ಡಿಸೆಂಬರಿನಲ್ಲಿ ಸ್ಲೊವೇನಿಯಾ ಷೆಂಗೆನ್‌ಗೂ ಸೇರಿ ಪಾಸ್‌ಪೋರ್ಟ್ ತೋರಿಸುವುದೂ ನಿಂತಿತು. ಮುಗಿಯಿತು ಎಂದುಕೊಂಡರು. 2020ರ ಮಾರ್ಚಿನಲ್ಲಿ ಕೊರೊನಾ ಬಂದದ್ದೇ, ಅದೇ ಚೌಕದ ನಡುವೆ ಅದೇ ಜಾಗದಲ್ಲಿ ಕಬ್ಬಿಣದ ಜಾಲರಿ ಎದ್ದು ನಿಂತಿತು. ಪ್ರೇಮಿಗಳು, ಅಜ್ಜಿ-ಮೊಮ್ಮಕ್ಕಳು ಜಾಲರಿಯ ಎರಡೂ ಕಡೆ ಕುರ್ಚಿ ಹಾಕಿ ಕೂತು ಮಾತಾಡಿದರು. ಜೂನ್ ತಿಂಗಳಲ್ಲಿ ಅದನ್ನು ತೆಗೆದರು. ಆ ಮಾರ್ಚಿನಲ್ಲಿ ನಮ್ಮ ತಲಪಾಡಿಯಲ್ಲಿ ಏನಾಯಿತೆಂದು ಆ ಹೆಂಗಸಿಗೆ ಹೇಳಿದೆ. ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದರು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಆ್ಯಂಬುಲೆನ್ಸುಗಳು ಬಂದು ತಿರುಗಿ ಹೋದವು. ದಾರಿಯಲ್ಲೇ ಪ್ರಾಣ ಬಿಟ್ಟವರಿದ್ದಾರೆ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. "ಒಂದೇ ದೇಶದೊಳಗೆ?" ಎಂದು ಅವರು ಕೇಳಿದರು. ಹೌದು ಎಂದೆ. ನಂಬಿದಂತೆ ಕಾಣಲಿಲ್ಲ. ಐವತ್ತಾರರಲ್ಲಿ ನಕ್ಷೆಯ ಮೇಲಷ್ಟೇ ಇದ್ದ ಗೆರೆಗೆ ಮಣ್ಣಿನ ರೂಪ ಬಂದದ್ದನ್ನು ಕಣ್ಣಾರೆ ಕಂಡ ನಾವೂ ಆಗ ನಂಬಿರಲಿಲ್ಲ.

ಮಧ್ಯಾಹ್ನ ಕೊಸ್ತಾನ್ಯೇವಿತ್ಸಾ ಗುಡ್ಡ ಹತ್ತಿದೆ. ಚೌಕದಿಂದ ನಡೆದುಕೊಂಡೇ ಹೋಗಬಹುದು. ಮೇಲೆ ಫ್ರಾನ್ಸಿಸ್ಕನ್ ಮಠ, ಅದರ ನೆಲಮಾಳಿಗೆಯಲ್ಲಿ ಫ್ರಾನ್ಸಿನ ಅರಸ ಹತ್ತನೇ ಚಾರ್ಲ್ಸ್. 1830ರ ಜುಲೈನಲ್ಲಿ ಪ್ಯಾರಿಸ್ಸಿನ ಜನ ಎದ್ದಾಗ ಓಡಿಹೋದ ದೊರೆ. ಬ್ರಿಟನ್ನಿನಲ್ಲಿ ಇದ್ದು, ಪ್ರಾಗ್‌ನಲ್ಲಿ ಇದ್ದು, ಕೊನೆಗೆ 1836ರಲ್ಲಿ ಗೊರಿತ್ಸಿಯಾಕ್ಕೆ ಬಂದ. ಬಂದು ತಿಂಗಳೊಳಗೆ ಕಾಲರಾ ತಗಲಿ ಸತ್ತ. ಪಕ್ಕದಲ್ಲಿ ಅವನ ಸೊಸೆ, ಗಿಲೊಟಿನ್‌ಗೆ ತಲೆಕೊಟ್ಟ ಹದಿನಾರನೇ ಲೂಯಿಯ ಮಗಳು. ತಂಪಾದ ಸಣ್ಣ ಕೋಣೆ, ಕಲ್ಲಿನ ಪೆಟ್ಟಿಗೆಗಳು, ಒಂದು ಬಲ್ಬು. ಅವನು ಸತ್ತ ಅರಮನೆ ಈಗ ಇಟಲಿಯಲ್ಲಿದೆ, ಹೂಳಿದ ಜಾಗ ಸ್ಲೊವೇನಿಯಾದಲ್ಲಿ. ಸತ್ತಾಗ ಎರಡೂ ಆಸ್ಟ್ರಿಯಾ. ಗೊರಿತ್ಸಿಯಾಕ್ಕೆ ಬಂದ ನಿರಾಶ್ರಿತರಲ್ಲಿ ಎಲ್ಲರಿಗಿಂತ ದೊಡ್ಡವನು ಇವನೇ ಇರಬೇಕು. ಅವನಿಗೆ ಯಾರೂ ಕಾಗದ ಕೇಳಲಿಲ್ಲ.

ನನಗೆ ಕೇಳಿದರು. ಗುಡ್ಡ ಇಳಿದು ಇಟಲಿಯ ಕಡೆಯ ರಸ್ತೆಯಲ್ಲಿ ಸ್ಟೇಷನ್ನಿಗೆಂದು ಹೊರಟಿದ್ದೆ. ನನ್ನ ಮುಂದೆ ನಾಯಿ ಹಿಡಿದುಕೊಂಡ ಒಬ್ಬಾಕೆ, ಹಿಂದೆ ಐಸ್‌ಕ್ರೀಂ ತಿನ್ನುತ್ತಿದ್ದ ಇಬ್ಬರು ಹುಡುಗರು. ಬದಿಯಲ್ಲಿ ಜೀಪು ನಿಲ್ಲಿಸಿಕೊಂಡಿದ್ದ ಸಮವಸ್ತ್ರದ ಇಬ್ಬರಲ್ಲಿ ಒಬ್ಬ ನಾಯಿಗೆ ನಗು ಕೊಟ್ಟ, ನನಗೆ ಕೈ ಅಡ್ಡ ಹಿಡಿದ. ಪಾಸ್‌ಪೋರ್ಟಿನ ಒಂದೊಂದೇ ಹಾಳೆ ಮಗುಚಿ ನೋಡಿದ, ಫೋಟೊವನ್ನೂ ನನ್ನನ್ನೂ ಎರಡೆರಡು ಸಲ ನೋಡಿದ. ಒರಟಾಗಿ ಮಾತಾಡಲಿಲ್ಲ, ಥ್ಯಾಂಕ್ಯೂ ಎಂದೂ ಹೇಳಿದ. ಅಷ್ಟರಲ್ಲಿ ಐಸ್‌ಕ್ರೀಂ ಹುಡುಗರು ತಿರುವು ದಾಟಿಯಾಗಿತ್ತು.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಾದ ಮೇಲೆ, ಭಯೋತ್ಪಾದಕರು ಬಾಲ್ಕನ್ ದಾರಿಯಲ್ಲಿ ನುಸುಳಬಹುದೆಂದು ಇಟಲಿ ಅದೇ ತಿಂಗಳ 21ರಿಂದ ಈ ಗಡಿಯಲ್ಲಿ ತಪಾಸಣೆ ಶುರುಮಾಡಿತು. ತಾತ್ಕಾಲಿಕ ಎಂದರು. ತಾತ್ಕಾಲಿಕವನ್ನು ಮತ್ತೆ ಮತ್ತೆ ಮುಂದುವರಿಸುತ್ತಿದ್ದಾರೆ. ಸ್ಲೊವೇನಿಯಾವೂ ಸುಮ್ಮನಿರದೆ ಕ್ರೊಯೇಷಿಯಾ, ಹಂಗೆರಿಗಳ ಕಡೆ ಅದನ್ನೇ ಮಾಡಿತು. ಈ ನಡುವೆ ಎರಡೂ ಊರುಗಳು ಸೇರಿ 2025ರ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಲು ತಯಾರಾಗುತ್ತಿದ್ದವು. ಕಂಬಕಂಬದಲ್ಲಿ ಪೋಸ್ಟರು, ಅವುಗಳ ಘೋಷವಾಕ್ಯ ಗೋ! ಬಾರ್ಡರ್‌ಲೆಸ್. ಗಡಿಯಿಲ್ಲ ಎನ್ನುವ ಪೋಸ್ಟರು, ಅಲ್ಲೇ ಸ್ವಲ್ಪ ಆಚೆಗೆ ಜೀಪು.

ಟ್ರಿಯೆಸ್ತೆಯ ರೈಲಿನಲ್ಲಿ ಎದುರು ಸೀಟಿನ ಹುಡುಗ "ಇಂಡಿಯಾ?" ಎಂದ. ಇಪ್ಪತ್ತೆರಡು ಇರಬಹುದು. ಪಾಕಿಸ್ತಾನದ ಪಂಜಾಬಿನ ಮಂಡಿ ಬಹಾವುದ್ದೀನ್ ಕಡೆಯವನು. ನನ್ನ ಹರಕು ಹಿಂದಿಯಲ್ಲಿ ಮಾತಾಯಿತು. ಇರಾನ್, ಟರ್ಕಿ, ಬಲ್ಗೇರಿಯಾ, ಸರ್ಬಿಯಾ, ಬೋಸ್ನಿಯಾ; ಅವನ ಬಾಯಲ್ಲಿ ದೇಶಗಳು ಬಸ್‌ಸ್ಟಾಪುಗಳಂತೆ ಬಂದವು. ಗಡಿ ದಾಟುವುದಕ್ಕೆ ಅವರಲ್ಲಿ ಗೇಮ್ ಎನ್ನುತ್ತಾರೆ. "ಬೋಸ್ನಿಯಾದಿಂದ ಏಳು ಸಲ ಗೇಮ್‌ಗೆ ಹೋದೆ ಅಂಕಲ್, ಎಂಟನೆಯದು ಆಯಿತು" ಎಂದ. ಕ್ರೊಯೇಷಿಯಾದ ಕಾಡಿನಲ್ಲಿ ಮೊಬೈಲು ಒಡೆದರಂತೆ, ಶೂ ಕಿತ್ತುಕೊಂಡರಂತೆ. ಈಗ ಆಶ್ರಯಕ್ಕೆ ಅರ್ಜಿ ಹಾಕಿ ಗೊರಿತ್ಸಿಯಾ ಹತ್ತಿರ ದ್ರಾಕ್ಷಿ ತೋಟದಲ್ಲಿ ಕೆಲಸ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದ ತೋರಿಸಿದ, ಮಡಿಕೆಗಳು ಹರಿಯುವಷ್ಟು ಸವೆದಿದ್ದವು. ಅಷ್ಟು ಸಲ ಬಿಚ್ಚಿ ತೋರಿಸಿದ್ದಾನೆ.

ನನಗೆ ಒಂದು ಕತೆ ಬೇಕಿತ್ತು. ಇಡೀ ದಿನ 1947 ತಲೆಯಲ್ಲಿ ತುಂಬಿತ್ತಲ್ಲ. ನಿನ್ನ ಅಜ್ಜ ಆಗ ಎಲ್ಲಿದ್ದರು, ಈ ಕಡೆಯಿಂದ ಹೋದವರೇ ಎಂದು ಕೇಳಿದೆ. "ಗೊತ್ತಿಲ್ಲ ಅಂಕಲ್, ಅಜ್ಜನ ಹತ್ತಿರ ಒಂದು ಎಮ್ಮೆ ಇತ್ತು" ಎಂದ. ಅಬ್ದುಸ್ ಸಲಾಂ ಹೆಸರು ಕೇಳಿದ್ದೀಯಾ, ನಿಮ್ಮ ಝಂಗ್ ಕಡೆಯವರು, ಟ್ರಿಯೆಸ್ತೆಯಲ್ಲಿ ಅವರ ಹೆಸರಿನ ದೊಡ್ಡ ಸಂಸ್ಥೆ ಇದೆ ಎಂದೆ. ಅವನು ವಿನಯದಿಂದ ತಲೆಯಾಡಿಸಿದ. "ಅಲ್ಲಿ ಕೆಲಸ ಕೊಡುತ್ತಾರಾ?" ಎಂದ. ಆಮೇಲೆ ನನ್ನಲ್ಲಿ ಚಾರ್ಜರ್ ಇದೆಯೇ ಎಂದು ಕೇಳಿದ. ಇತ್ತು, ಕೊಟ್ಟೆ. ಮೊನ್‌ಫಾಲ್ಕೋನೆ ಬರುವವರೆಗೂ ಅವನು ತಾಯಿಯ ಹತ್ತಿರ ಪಂಜಾಬಿಯಲ್ಲಿ ಮಾತಾಡುತ್ತಾ ನಗುತ್ತಿದ್ದ.

ಊರಿಗೆ ಬಂದ ಮೇಲೂ ಗೊರಿತ್ಸಿಯಾದ ಸುದ್ದಿ ಕಣ್ಣಿಗೆ ಬೀಳುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಓದಿದ್ದು: 1924ರಲ್ಲಿ ಮುಸೊಲಿನಿಗೆ ಕೊಟ್ಟಿದ್ದ ಗೌರವ ಪೌರತ್ವವನ್ನು ಹಿಂತೆಗೆದುಕೊಳ್ಳಬೇಕೆಂಬ ಗೊತ್ತುವಳಿಯನ್ನು ಅಲ್ಲಿನ ನಗರಸಭೆ ತಳ್ಳಿಹಾಕಿತಂತೆ. ಎದುರಿನ ಸಬೊತಿನ್ ಗುಡ್ಡದ ಮೇಲೆ ಕಲ್ಲು ಜೋಡಿಸಿ ಬರೆದ, ಯುಗೊಸ್ಲಾವಿಯಾದ ನಾಯಕ ಟಿಟೊ ಹೆಸರನ್ನು ಸ್ಲೊವೇನಿಯಾದ ಕಡೆಯ ಕೆಲವರು ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಅದು ಗೊರಿತ್ಸಿಯಾದ ಕಿಟಕಿಗಳಿಗೆ ಕಾಣುತ್ತದೆ. 2025ರ ಫೆಬ್ರವರಿ 8ಕ್ಕೆ ಸಾಂಸ್ಕೃತಿಕ ರಾಜಧಾನಿಯ ಉದ್ಘಾಟನೆಯೂ ಭರ್ಜರಿಯಾಗಿ ಆಯಿತು. ಗಡಿ ತಪಾಸಣೆಯನ್ನು ಆಗಲೂ ಎತ್ತಿರಲಿಲ್ಲ.

ಮೊನ್ನೆ ಯಾವುದೋ ಅರ್ಜಿಗೆಂದು ಪಾಸ್‌ಪೋರ್ಟ್ ತೆಗೆದಾಗ ಆ ದಿನದ ಗುರುತು ಏನಾದರೂ ಇದೆಯೇ ಎಂದು ಹಾಳೆ ಮಗುಚಿದೆ. ವಿಮಾನ ನಿಲ್ದಾಣದ್ದು ಎರಡು ಮುದ್ರೆ, ಹೋದದ್ದೊಂದು, ಬಂದದ್ದೊಂದು. ಗೊರಿತ್ಸಿಯಾದ ರಸ್ತೆಯಲ್ಲಿ ಅವನು ಮಗುಚಿ ನೋಡಿದ ಹಾಳೆಗಳೆಲ್ಲ ಖಾಲಿ. ಕಾಗದದ ಪ್ರಕಾರ ಅಲ್ಲಿ ಗಡಿಯಿಲ್ಲ.